ಗೃಹಾರೋಗ್ಯ: ಜಾರುವ ಹೆಗಲಿಗೆ ಕಿಂಡಿಯ ಶಸ್ತ್ರಕ್ರಿಯೆ

“ತೂತು ನೋಡಿದರೆ ಮೂರು, ಒಂದೊಂದೂ ಹುಣಿಸೆಬೀಜದಷ್ಟಿಲ್ಲ. ಅದಕ್ಕೆ ಆರು ತಿಂಗಳ ಕಟ್ಟುಪಾಡೇ, ಅಣ್ಣಾ?” ಎಂದು ನನ್ನ ತಂಗಿಯು ಮೊನ್ನೆ ಕೇಳಿದಳು.

ಅವಳ ಮಗನಿಗೆ ಈಗ 19 ವರ್ಷ. ಕಬಡ್ಡಿಯಾಟದಲ್ಲಿ ಎದುರುಪಕ್ಷದವರು ಅವನ ಕೈಹಿಡಿದು ಸೆಳೆದಾಗ ಬಲಹೆಗಲ ಕೀಲು ತಪ್ಪಿತು. ಆಟ ನೋಡಲು ಬಂದಿದ್ದವರು ಯಾರೋ ಅಲ್ಲಿಯೇ ಎಳೆದು ಕೂಡಿಸಿದರು. ಅದಾದ ಎಂಟು ತಿಂಗಳೊಳಗಾಗಿ ಕೀಲು ಇನ್ನೂ ಮೂರು ಸಲ ಜಾರಿತು. ಕಡೆಯ ಸಲ ಜಾರಿದುದು ಆಟದಲ್ಲಲ್ಲ, ಅಂಗಿಯ ತೋಳಿಗೆ ಕೈತೂರಿಸುವಾಗ! ಈಗ ಕಿಂಡಿಯ ಶಸ್ತ್ರಕ್ರಿಯೆಯಾಗಿ ಮೂರು ವಾರ ಕಳೆದಿದೆ. ತಂಗಿಯ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳಲಾರದೆ ಹೋದೆನು. ಇತರ ಗೃಹಸ್ಥರಿಗೂ ಉಪಯೋಗಕ್ಕೆ ಬಂದೀತೆಂದು ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನಮ್ಮ ಶರೀರದ ಕೀಲುಗಳಲ್ಲೆಲ್ಲ ಹೆಗಲಿನಷ್ಟು ಸ್ವೇಚ್ಛೆಯಾಗಿ ತಿರುಗುವುದು ಬೇರೊಂದಿಲ್ಲ. ಬೆನ್ನುಜ್ಜಿಕೊಳ್ಳುವುದು, ಅಟ್ಟದಿಂದ ಪಾತ್ರೆಯಿಳಿಸುವುದು, ಬಾವಿಯಿಂದ ನೀರು ಸೇದುವುದು, ಎಲ್ಲವೂ ಅದರ ಕೃಪೆ. ಆದರೆ ಈ ಸ್ವೇಚ್ಛೆಗೆ ಸುಂಕವುಂಟು. ತೊಡೆಯ ಕೀಲಿನಲ್ಲಿ ಎಲುಬಿನ ತಲೆಯು, ಒರಳಿನಲ್ಲಿ ಗುಂಡುಕಲ್ಲು ಕುಳಿತಂತೆ, ಆಳವಾಗಿ ಕುಳಿತಿರುವುದು. ಹೆಗಲಿನಲ್ಲಿ ಹಾಗಲ್ಲ. ಚಮಚದ ಮೇಲೆ ನಿಂಬೆಹಣ್ಣಿಟ್ಟು ಓಡುವ ಮಕ್ಕಳಾಟವನ್ನು ನೆನೆಯಿರಿ; ಹೆಚ್ಚು ಕಡಮೆ ಅದೇ ಸ್ಥಿತಿ. ಗುಂಡು ದೊಡ್ಡದು, ಬಟ್ಟಲು ಆಳವಿಲ್ಲದ್ದು. ಆ ಬಟ್ಟಲಿನ ಅಂಚಿಗೆ ಸುತ್ತಲೂ ಗಟ್ಟಿನಾರಿನ ಉಂಗುರವೊಂದು ಅಂಟಿಕೊಂಡಿರುವುದು. ದುಂಡುತಳದ ಕೊಡವು ಉರುಳದಂತೆ ನಮ್ಮ ಹೆಂಗಸರು ಅದರಡಿಗೆ ಸಿಂಬಿಯನ್ನಿಡುವರಷ್ಟೆ. ಈ ಉಂಗುರದ ಕೆಲಸವೂ ಅದೇ. ತೋಳು ಮೇಲೆತ್ತಿ ಹೊರಕ್ಕೆ ತಿರುಚಿದ ಸ್ಥಿತಿಯಲ್ಲಿರುವಾಗ ಬಲವಾದ ಸೆಳೆತ ಬಿದ್ದರೆ ಗುಂಡು ಮುಂದಕ್ಕೆ ಜಾರುವುದು. ಜಾರುವಾಗ ಸಿಂಬಿಯ ಮುಂಭಾಗವನ್ನು ಎಲುಬಿನಿಂದ ಕಿತ್ತುಬಿಡುವುದು. ಗುಂಡನ್ನು ಮರಳಿ ಕೂಡಿಸಿದರೂ ಕಿತ್ತ ಸಿಂಬಿಯು ತನ್ನ ಜಾಗದಲ್ಲಿ ಸರಿಯಾಗಿ ಅಂಟದೆ ಹೋಗಬಹುದು. ಇಪ್ಪತ್ತರ ಆಸುಪಾಸಿನವರಲ್ಲಿ ಒಮ್ಮೆ ಜಾರಿದ ಹೆಗಲು ಮತ್ತೆ ಜಾರುವ ಸಂಭವ ಬಹಳ. ನಲವತ್ತು ದಾಟಿದವರಲ್ಲಿ ಆ ಭಯ ಕಡಮೆ. ಆದರೆ ಹೆಗಲ ಸುತ್ತಣ ಸ್ನಾಯುಗಳ ನಾರು ಹರಿದಿರುವ ಶಂಕೆ ಅವರಲ್ಲಿ ಹೆಚ್ಚು.

ಮೈದಾನದಲ್ಲಿಯೇ ಎಳೆದು ಕೂಡಿಸುವ ಪರೋಪಕಾರಿಗಳಿಗೆ ಕೈಮುಗಿದು ಒಂದು ಮಾತು. ಕೀಲು ತಪ್ಪಿದ ಜಾಗದಲ್ಲಿ ಎಲುಬೂ ಮುರಿದಿರಬಹುದು, ತೋಳಿನ ನರವೂ ಸೆಳೆದಿರಬಹುದು. ಕೈಯನ್ನು ಇದ್ದ ಸ್ಥಿತಿಯಲ್ಲಿಯೇ ಬಟ್ಟೆಯಿಂದ ಆಧರಿಸಿ ಆಸ್ಪತ್ರೆಗೆ ಕೊಂಡೊಯ್ಯುವುದೇ ನಿಜವಾದ ಉಪಕಾರ.

ಈ ವ್ಯಾಧಿ ಹೊಸತಲ್ಲ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ, ಪದೇ ಪದೇ ತಪ್ಪುವ ಹೆಗಲಿಗಾಗಿ ಕಂಕುಳಲ್ಲಿ ಕಾದ ಕಬ್ಬಿಣದಿಂದ ಬರೆಯೆಳೆಯುವ ವಿಧಾನವನ್ನು ಹೇಳಿದೆ. 1923ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಬ್ಲಂಡೆಲ್ ಬ್ಯಾಂಕಾರ್ಟರು, ದೋಷದ ಬೇರು ಕಿತ್ತುಹೋದ ಆ ಅಂಚಿನಲ್ಲಿಯೇ ಇದೆ, ಅದನ್ನು ಮರಳಿ ಎಲುಬಿಗೆ ಹೊಲಿಯಬೇಕು ಎಂದು ತೋರಿಸಿದರು. ಇಂದಿಗೂ ಆ ಗಾಯಕ್ಕೆ ಅವರದೇ ಹೆಸರು. ಆದರೆ ಅಲ್ಲಿಗೆ ತಲುಪಲು ಹೆಗಲಿನ ಮುಂಭಾಗವನ್ನು ಉದ್ದಕ್ಕೆ ಕೊಯ್ಯಬೇಕಾಗಿತ್ತು. ಕೊಯ್ಯದೆ ಕೀಲಿನೊಳಗನ್ನು ನೋಡುವ ಹಂಚಿಕೆಯು ಹುಟ್ಟಿದುದು ಬೇರೆಡೆಯಲ್ಲಿ. ಟೋಕಿಯೋದಲ್ಲಿ ಟಕಾಗಿಯೆಂಬವರು 1918ರಲ್ಲಿ, ಮೂತ್ರಕೋಶವನ್ನು ನೋಡುವ ನಳಿಗೆಯನ್ನು ಶವದ ಮೊಣಕಾಲಿಗೆ ತೂರಿಸಿ ನೋಡಿದರು. ಅವರ ಶಿಷ್ಯ ವಟನಬೆಯವರು 1962ರಲ್ಲಿ ಅದೇ ಜಾತಿಯ ನಳಿಗೆಯ ನೆರವಿನಿಂದ ಮೊಣಕಾಲೊಳಗಿನ ಹರಿದ ಮೆಲ್ಲೆಲುಬನ್ನು ಕತ್ತರಿಸಿ ತೆಗೆದರು. ಹೆಗಲಿನ ಸರದಿ ಬಂದುದು ಆಮೇಲೆ.

ಈಗ ನಡೆಯುವ ಕ್ರಮವಿದು. ರೋಗಿಗೆ ಅರಿವಳಿಕೆ ಕೊಟ್ಟು, ಕತ್ತಿನ ಬುಡದಲ್ಲಿ ನರಗಳಿಗೂ ಮರಗಟ್ಟುವ ಮದ್ದನ್ನು ಸಾಮಾನ್ಯವಾಗಿ ಚುಚ್ಚುವರು. ಹೆಗಲ ಹಿಂದೊಂದು, ಮುಂದೊಂದೆರಡು ಸಣ್ಣ ಕಿಂಡಿ ಮಾಡಿ, ಶುದ್ಧವಾದ ಉಪ್ಪುನೀರಿನಿಂದ ಕೀಲನ್ನು ಉಬ್ಬಿಸಿ, ಒಂದು ಕಿಂಡಿಯಿಂದ ಪೆನ್ಸಿಲ್ ಗಾತ್ರದ ನಳಿಗೆಯ ಕ್ಯಾಮರಾವನ್ನೂ ಉಳಿದವುಗಳಿಂದ ಸಲಕರಣೆಗಳನ್ನೂ ತೂರಿಸುವರು. ವೈದ್ಯರ ಕಣ್ಣು ಪರದೆಯ ಮೇಲೆ. ಬಟ್ಟಲಿನ ಅಂಚನ್ನು ಕೆರೆದು ಹಸಿ ಮಾಡಿ, ಅಲ್ಲಿ ಎರಡು ಮೂರು ಮಿಲಿಮೀಟರಿನ ಗೂಟಗಳನ್ನು ನೆಟ್ಟು, ಅವುಗಳ ದಾರದಿಂದ ಸಿಂಬಿಯನ್ನು ಎಳೆದು ಬಿಗಿಯುವರು. ಮೂರು ನಾಲ್ಕು ಗೂಟಗಳು ಬೇಕಾಗುವುದು ಸಾಮಾನ್ಯ. ಅಂದೋ ಮಾರನೆಯ ದಿನವೋ ಮನೆಗೆ ಕಳುಹಿಸುವುದುಂಟು. ಮೊದಲ ರಾತ್ರಿ ಕೈ ಮರದ ತುಂಡಿನಂತೆ ಬಿದ್ದಿರುವುದನ್ನು ಕಂಡು ತಂಗಿಯು ಅತ್ತೇ ಬಿಟ್ಟಳು. ಅದು ಮದ್ದಿನ ಪ್ರಭಾವ, ಒಂದು ದಿನದೊಳಗೆ ಇಳಿಯತಕ್ಕದ್ದು. ಅದು ಪೂರ್ತಿ ಇಳಿಯುವ ಮೊದಲೇ ನೋವಿನ ಗುಳಿಗೆ ಕೊಡುವುದು ಒಳ್ಳೆಯದು.

ಎಲ್ಲರಿಗೂ ಈ ಕಿಂಡಿಯೇ ಸಾಲದು. ಮತ್ತೆ ಮತ್ತೆ ಜಾರಿ ಬಟ್ಟಲಿನ ಎಲುಬೇ ಸವೆದಿದ್ದರೆ ಸಿಂಬಿಯನ್ನು ಹೊಲಿದು ಏನು ಫಲ? 2000ದಲ್ಲಿ ಬರ್ಕಾರ್ಟ್ ಮತ್ತು ಡಿ ಬೀರ್ ಎಂಬ ಶಸ್ತ್ರವೈದ್ಯರು ತಾವು ಈ ರೀತಿ ಸರಿಪಡಿಸಿದ 194 ಹೆಗಲುಗಳ ಲೆಕ್ಕವನ್ನು ಪ್ರಕಟಿಸಿದರು. ಎಲುಬು ಹೆಚ್ಚಾಗಿ ಕೆಡದಿದ್ದವರಲ್ಲಿ ಮತ್ತೆ ಕೆಟ್ಟುದು ನೂರಕ್ಕೆ 4. ಬಹಳವಾಗಿ ಕೆಟ್ಟಿದ್ದವರಲ್ಲಿ ನೂರಕ್ಕೆ 67! ಅಂಥವರಿಗೆ, ಪಕ್ಕದ ಕೊಕ್ಕಿನಾಕಾರದ ಎಲುಬಿನ ತುಣುಕನ್ನು ತಂದು ಬಟ್ಟಲಿನ ಮುಂದೆ ತಿರುಪಿನಿಂದ ಕೂರಿಸುವ ವಿಧಾನವನ್ನು ಫ್ರಾನ್ಸಿನ ಲಾಟರ್ಜೆಯವರು 1954ರಲ್ಲಿ ವರ್ಣಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಆದುದರಿಂದ ‘ಎಲುಬು ಎಷ್ಟು ಹೋಗಿದೆ?’ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ, ಎಂ.ಆರ್.ಐ., ಸಿ.ಟಿ. ಚಿತ್ರಗಳಲ್ಲಿ ಅದು ತಿಳಿಯುವುದು. ಇನ್ನು ಹುಟ್ಟಿನಿಂದಲೇ ಕೀಲುಗಳೆಲ್ಲ ಸಡಿಲವಾಗಿರುವವರಿಗೆ ಮೊದಲ ಮದ್ದು ವ್ಯಾಯಾಮವೇ.

ತಂಗಿಯ ಪ್ರಶ್ನೆಗೆ ಬರುತ್ತೇನೆ. ಚರ್ಮದ ಕಿಂಡಿಗಳು ಹತ್ತು ಹದಿನೈದು ದಿನದಲ್ಲಿ ಮಾಯುವುವು, ನಿಜ. ಆದರೆ ರೋಗವಿದ್ದುದು ಚರ್ಮದಲ್ಲಲ್ಲ. ದಾರವು ಸಿಂಬಿಯನ್ನು ಹಿಡಿದು ನಿಲ್ಲಿಸುವುದೇ ಹೊರತು ಬೆಸೆಯಲಾರದು. ಎಲುಬಿಗೂ ನಾರಿಗೂ ಬೆಸುಗೆ ಹಾಕತಕ್ಕುದು ಶರೀರವೇ. ಉದ್ದಕ್ಕೆ ಕೊಯ್ದು ಹೊಲಿದರೂ, ಕಿಂಡಿಯಿಂದ ಹೊಲಿದರೂ ಆ ಬೆಸುಗೆಗೆ ಹಿಡಿಯುವ ಕಾಲ ಒಂದೇ. ಕತ್ತಿನಿಂದ ತೂಗುಹಾಕಿದ ಪಟ್ಟಿಯಲ್ಲಿ ಕೈ ನಾಲ್ಕರಿಂದ ಆರು ವಾರ ಇರಬೇಕು; ಆ ಬಳಿಕ ಕ್ರಮಕ್ರಮವಾಗಿ ವ್ಯಾಯಾಮ; ಕಬಡ್ಡಿಯಂಥ ಎಳೆದಾಟಕ್ಕೆ ಸುಮಾರು ಆರು ತಿಂಗಳು. ನೋವು ಬೇಗ ಇಳಿಯುವುದೇ ಇಲ್ಲಿ ಮೋಸ. ಹುಡುಗರು ವಾಸಿಯಾಯಿತೆಂದು ಭಾವಿಸುವರು.

ಮನೆಯವರು ಮಾಡತಕ್ಕುದು ಇಷ್ಟು. ಮುಂದೆ ಗುಂಡಿಯಿರುವ ಅಂಗಿಯನ್ನೇ ತೊಡಿಸಿ. ತೊಡಿಸುವಾಗ ಶಸ್ತ್ರಕ್ರಿಯೆಯಾದ ಕೈ ಮೊದಲು, ಕಳಚುವಾಗ ಅದು ಕಡೆಗೆ. ದಿಂಬುಗಳನ್ನೊರಗಿ ಅರೆಕುಳಿತಂತೆ ಮಲಗಿಸಿ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ವೈದ್ಯರು ಹೇಳಿದಂತೆ ಮೊದಲಿನಿಂದಲೇ ಆಡಿಸಲಿ. ಜ್ವರ, ಗಾಯದಿಂದ ಕೀವು, ಇಳಿಯದ ಜೋಮು ಕಂಡರೆ ತಡಮಾಡಬೇಡಿ.

ಕಳೆದ ಭಾನುವಾರ ನಾನು ಹೋದಾಗ ಪಟ್ಟಿಯು ಗೂಟಕ್ಕೆ ನೇತಾಡುತ್ತಿತ್ತು; ಅಳಿಯರಾಯನು ಬಲಗೈಯನ್ನೇ ಅಟ್ಟದ ಪೆಟ್ಟಿಗೆಗೆ ಚಾಚಿದ್ದನು. ಮರುದಿನ ವೈದ್ಯರು ಪರೀಕ್ಷಿಸಿ, ಹೊಲಿಗೆ ಹಿಡಿದೇ ಇರುವಂತಿದೆ ಎಂದರಂತೆ. ಈ ಬರಹವನ್ನು ಅಚ್ಚಿಗೆ ಕಳುಹಿಸುವ ಮೊದಲು ತಂಗಿಗೆ ಓದಿ ಹೇಳಿದೆನು. ಅವಳು ಏನೂ ಆಡಲಿಲ್ಲ. ಸೀದಾ ಎದ್ದು ಹೋಗಿ, ಪಟ್ಟಿಯ ಕೊಂಡಿ ಅವನ ಬೆನ್ನಿಗೆ ಬರುವಂತೆ ತಿರುಗಿಸಿ, ಮೇಲೊಂದು ಪಿನ್ನು ಚುಚ್ಚಿದಳು. ಈಗ ವ್ಯಾಯಾಮದ ಹೊತ್ತಿಗೆ ಅದನ್ನು ಬಿಚ್ಚುವವಳೂ ಅವಳೇ, ಮರಳಿ ಚುಚ್ಚುವವಳೂ ಅವಳೇ.