ಆಪ್ತ ಯಾರಿಗೆ? ಪ್ರಯೋಗ ಯಾರದು?

ಬೆಂಗಳೂರಿನ ಒಂದು ಸಣ್ಣ ಕೋಣೆ. ವೇದಿಕೆ ಇಲ್ಲ, ಪರದೆ ಇಲ್ಲ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಮೂವತ್ತು ಜನ. ಎರಡು ಮಾರು ದೂರದಲ್ಲಿ ಕುಣಿಯುವಾಕಿ. ಆಕೆಯ ಉಸಿರು ನಮಗೆ ಕೇಳುತ್ತದೆ, ನಮ್ಮ ಕೆಮ್ಮು ಆಕೆಗೆ ಕೇಳುತ್ತದೆ. ಇದಕ್ಕೆ ಪ್ರಾಯೋಗಿಕ ಸಮಕಾಲೀನ ನೃತ್ಯ ಅಂತಾರೆ, ಆಪ್ತ ಪ್ರದರ್ಶನ ಅಂತಾರೆ. ನವಲಗುಂದ, ಕುಂದಗೋಳದ ಕಡೆಯಿಂದ ಹೋದ ನಾವು ಮೂವರು ಹಿಂದಿನ ಗ್ವಾಡಿಗೆ ಆತು ಕುಂತಿದ್ದೆವು.

ಚಲೋ ಕುಣಿದಳು. ಸುಳ್ಳು ಯಾಕ ಹೇಳೂಣು? ಬೆನ್ನು ಬಾಗಿಸಿ, ಇಲ್ಲದ ಮಣ್ಣನ್ನು ಬೆರಳಿನಿಂದ ಕೆದಕಿ, ಏಳಲಾರದೆ ಎದ್ದಳು. ಎರಿ ಹೊಲದಾಗ ಹತ್ತಿ ಬಿಡಿಸುವ ನಮ್ಮವ್ವಂದಿರ ಬೆನ್ನು ನೆನಪಾಗಿ ಕಣ್ಣು ತುಂಬಿದವು. ಆಗ ಹಿನ್ನೆಲೆಯಲ್ಲಿ ಹಲಗಿ ಸಪ್ಪಳ ಕೇಳಿತು. ಆಟ ಮುಗಿದ ಮೇಲೆ ಸಂವಾದ, ಎಲ್ಲ ಇಂಗ್ಲಿಷಿನಾಗ. ನಾವು ಕನ್ನಡದಾಗ ಕೇಳಿದೆವು: "ಆ ಹಲಗಿ ಬಾರಿಸಿದವರು ಯಾರ್ರಿ?" ಸಂಘಟಕರು ಅಂದರು: "ಯಾವುದೋ ಹಳ್ಳಿಯ ರೆಕಾರ್ಡಿಂಗು." ಕುಣಿದಾಕಿಯ ಹೆಸರು, ಬೆಳಕು ಬಿಟ್ಟವನ ಹೆಸರು, ಬಟ್ಟೆ ಹೊಲಿದವರ ಹೆಸರು ಕರಪತ್ರದಲ್ಲಿದ್ದವು. ಹಲಗಿಗೆ ಹೆಸರಿರಲಿ, ಊರು ಸಹಿತ ಇರಲಿಲ್ಲ.

ನಮ್ಮ ತಕರಾರು ಇಲ್ಲಿಂದಲೇ ಶುರು.

ಪ್ರಯೋಗದ ವಿರುದ್ಧ ನಾವಿಲ್ಲ. 1985ರಲ್ಲಿ ಚಂದ್ರಲೇಖಾ 'ಆಂಗಿಕ'ದ ಮೂಲಕ ದೇವರ ಕತೆಗಳ ಒಡವೆ ಕಳಚಿ ಮನುಷ್ಯರ ಮೈಯ ಶಕ್ತಿಯನ್ನು ಎದುರಿಗೆ ನಿಲ್ಲಿಸಿದರು. ಅದೂ ಬಂಡಾಯವೇ. 1992ರಲ್ಲಿ ಹುಟ್ಟಿದ ಅಟ್ಟಕ್ಕಲರಿ ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯಕ್ಕೆ ನೆಲೆ ಕೊಟ್ಟಿದ್ದೂ ಸಣ್ಣ ಕೆಲಸವಲ್ಲ. ಕುಣಿಯುವ ಹುಡುಗಿ ನಮ್ಮ ವೈರಿಯೂ ಅಲ್ಲ.

ಆದರೆ ಗೆಳೆಯರೆ, ಕುಣಿತದ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿ. 1909ರಲ್ಲಿ ಮೈಸೂರು ಸಂಸ್ಥಾನ ದೇವದಾಸಿಯರನ್ನು ಗುಡಿಯ ಸೇವೆಯಿಂದ ತೆಗೆಯಿತು. 1936ರಲ್ಲಿ ಮದ್ರಾಸಿನಲ್ಲಿ ಕಲಾಕ್ಷೇತ್ರ ಹುಟ್ಟಿತು. ತಲೆತಲಾಂತರ ಕುಣಿದವರ ಕಾಲಿನಲ್ಲಿ ಮೈಲಿಗೆಯಾಗಿದ್ದ ಕುಣಿತ, ಮೇಲ್ಜಾತಿ ಮನೆಗಳ ಅಂಗಳಕ್ಕೆ ಬಂದ ಕೂಡಲೇ ಶುದ್ಧವಾಯಿತು. ಇತ್ತ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ನಮ್ಮ ಕೇರಿಯ ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ತಡೆಯಲು ಕರ್ನಾಟಕದಲ್ಲಿ 1982ರ ಕಾಯಿದೆ ಬರಬೇಕಾಯಿತು. ಅವರು ಕುಣಿದರೆ ಕಲೆ, ನಾವು ಕುಣಿದರೆ ಕಸುಬು. ಅವರ ಮೈ ಪ್ರಯೋಗಶಾಲೆ, ನಮ್ಮ ಮೈ ಹರಕೆ!

'ಆಪ್ತ' ಎಂಬ ಮಾತಿಗೂ ನಮ್ಮ ಜಿಲ್ಲೆಯಲ್ಲಿ ಒಂದು ಕತೆ ಉಂಟು. ಧಾರವಾಡದ ಶುಕ್ರವಾರಪೇಟೆಯಲ್ಲಿ ಬೆಳೆದ ಗಂಗೂಬಾಯಿ ಹಾನಗಲ್ಲರು ಸಣ್ಣವರಿದ್ದಾಗ ನೆರೆಯ ಬ್ರಾಹ್ಮಣರ ತೋಟದಲ್ಲಿ ಮಾವಿನಕಾಯಿ ಕಿತ್ತು ಬೈಸಿಕೊಂಡದ್ದನ್ನು ತಾವೇ ಹೇಳಿದ್ದಾರೆ. ಕಾಯಿ ಹೋಯಿತೆಂದು ಬೈದದ್ದಲ್ಲ, ಹಾಡುವವರ ಮಗಳು ಕಾಲಿಟ್ಟಳೆಂದು. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ದೊಡ್ಡವರಾದ ಮೇಲೆ ಅದೇ ಮಂದಿ ಅವರನ್ನು ಮನೆಗೆ ಕರೆದರು. ಕಲೆ ಗೆದ್ದಿತು ಅಂತ ಚಪ್ಪಾಳೆ ಹೊಡೀಬ್ಯಾಡ್ರಿ. ಗಂಗೂಬಾಯಿ ಆಗದೆ ಬೇಲಿಯ ಆಚೆಯೇ ಉಳಿದ ಹುಡುಗಿಯರು ಎಷ್ಟು?

ಹಲಗಿಯ ಬಗ್ಗೆ ನಮ್ಮೊಳಗೂ ಜಗಳ ಅದ. ಹೆಣದ ಮುಂದ, ತೇರಿನ ಮುಂದ ಬಿಟ್ಟಿ ಬಾರಿಸಿ ಬಾರಿಸಿ ನಮ್ಮ ಅಜ್ಜಂದಿರ ಕೈ ಬಿದ್ದುಹೋದವು. ದಲಿತ ಚಳವಳಿ "ಬಿಡ್ರಿ ಈ ಚಾಕರಿ" ಅಂದಿತು. ನಮ್ಮಪ್ಪಂದಿರು ಹಲಗಿಯನ್ನು ಗೂಟಕ್ಕೆ ಸಿಗಿಸಿ ನಮ್ಮನ್ನು ಕಾಲೇಜಿಗೆ ಕಳಿಸಿದರು. ಅದೇ ಚಳವಳಿ ತನ್ನ ಮೆರವಣಿಗೆಯಲ್ಲಿ ಅದೇ ಹಲಗಿಯನ್ನು ಬೆಂಕಿಗೆ ಕಾಯಿಸಿ ಬಾರಿಸಿತು. ಒಡೆಯನಿಗಾಗಿ ಬಾರಿಸಿದ್ದನ್ನು ನಮಗಾಗಿ ಬಾರಿಸಿಕೊಂಡದ್ದು! ಇದಕ್ಕಿಂತ ದೊಡ್ಡ ಪ್ರಯೋಗ ಯಾವುದು?

2021ರಲ್ಲಿ ಮಂಜಮ್ಮ ಜೋಗತಿಯವರಿಗೆ, 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಹಿಗ್ಗಿದೆವು. ಆದರೂ ನಮ್ಮ ಕುಣಿತಕ್ಕೆ ಅಂಟಿಸಿದ ಚೀಟಿ 'ಜಾನಪದ' ಎಂದೇ ಉಳಿದಿದೆ. ಜಾನಪದ ಅಂದರೆ ಬದಲಾಗಬಾರದು, ಸಮಕಾಲೀನ ಅಂದರೆ ಬದಲಾಗಬೇಕು. ನಮಗೆ ಮಂತ್ರಿಗಳ ಮೆರವಣಿಗೆಯ ಬಿಸಿಲು, ಅವರಿಗೆ ಆಪ್ತ ಕೋಣೆಯ ನೆರಳು. ನಾವು ಇಂದಿನವರಲ್ಲವೆ? ನಮ್ಮ ಮೈಗೆ ಇಂದಿನ ಸಿಟ್ಟು, ಇಂದಿನ ಪ್ರೀತಿ, ಇಂದಿನ ಪ್ರಶ್ನೆ ಇಲ್ಲವೆ? ಈ ಹಂಚಿಕೆ ಮಾಡಿದವರು ಯಾರು?

ಕಲಾವಿದರೆ, ಬರ್ರಿ. ಕಲಘಟಗಿಯ, ಅಣ್ಣಿಗೇರಿಯ ಕೇರಿಗಳಲ್ಲಿಯೂ ಮೂವತ್ತು ಜನ ಕುಂಡ್ರುವಷ್ಟು ಜಾಗ ಅದ. ಸಂವಾದ ಕನ್ನಡದಾಗ ಆಗಲಿ. ಬಾರಿಸಿದವನ ಹೆಸರು ಕುಣಿದಾಕಿಯ ಹೆಸರಿನ ಪಕ್ಕದಲ್ಲಿ ಅದೇ ಅಳತೆಯ ಅಕ್ಷರದಲ್ಲಿ ಬರಲಿ, ಪಗಾರವೂ ಸಮ ಇರಲಿ. ನಮ್ಮ ಹುಡುಗಿಯರಿಗೆ ನಿಮ್ಮ ವಿದ್ಯೆ ಕಲಿಸಿರಿ. ಏನು ಕುಣಿಯಬೇಕು, ಯಾರಿಗಾಗಿ ಕುಣಿಯಬೇಕು ಎಂಬುದನ್ನು ಅವರೇ ಹೇಳುತ್ತಾರೆ.

ಮುಂದಿನ ಚಾಪಿ ಮ್ಯಾಲೆ ನಮ್ಮವ್ವ ಕುಂಡ್ರತಾಳ. ಹತ್ತಿ ಬಿಡಿಸೂ ಬೆನ್ನು ಬಾಗಿಸೂವಾಗ ಏನರೆ ತಪ್ಪಿದರ, ಆಕಿನ ಎದ್ದು ತೋರಸ್ತಾಳ.