ಪಶ್ಚಿಮದ ಹೊಸ ಸಂಗೀತ ನಮ್ಮ ಕಿವಿಗೆ ದೂರವೇನಲ್ಲ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಖ್, ಮೊಟ್ಸಾರ್ಟ್, ಬೇಥೋವನ್. ಮೂವರೂ ತೀರಿಕೊಂಡು ಎರಡು ಶತಮಾನ ಸಮೀಪಿಸಿದೆ ಅಥವಾ ಕಳೆದಿದೆ. ಆಮೇಲೆ ಬಂದದ್ದನ್ನು, ಅದರಲ್ಲೂ ಇಪ್ಪತ್ತನೇ ಶತಮಾನದ ಪ್ರಯೋಗಗಳನ್ನು, ಸಂಗೀತವಲ್ಲ ಬರೀ ಸದ್ದು ಎಂದು ಬದಿಗೆ ಸರಿಸುವುದೇ ರೂಢಿ. ಈ ತೀರ್ಪು ಅವಸರದ್ದು. ರಾಗಸಂಗೀತ ಕೇಳಿ ಬೆಳೆದವರಿಗೆ ಈ ಹೊಸ ಸಂಗೀತದ ಒಂದು ಧಾರೆಯಾದರೂ ಮೊಟ್ಸಾರ್ಟ್‌ಗಿಂತ ಹತ್ತಿರದ್ದು ಎಂಬುದು ನನ್ನ ವಾದ. ನಮಗೆ ಅದು ಒಗ್ಗದಿರಲು ಕಿವಿಯ ದೋಷಕ್ಕಿಂತ, ಎಲ್ಲಿಂದ ಕೇಳಲು ಶುರು ಮಾಡುತ್ತೇವೆ ಎಂಬುದೇ ಹೆಚ್ಚಿನ ಕಾರಣ.

ಆಧುನಿಕ ಸಂಗೀತದ ಪರಿಚಯ ಸಾಮಾನ್ಯವಾಗಿ ಕಾಲಾನುಕ್ರಮದಲ್ಲಿ ನಡೆಯುತ್ತದೆ. ಹಾಗಾಗಿ ಮೊದಲು ಎದುರಾಗುವವನು ವಿಯೆನ್ನಾದ ಆರ್ನಾಲ್ಡ್ ಶೋನ್‌ಬರ್ಗ್. ಅವನಿಗಿಂತ ಮುಂಚಿನ ಯುರೋಪಿನ ಸಂಗೀತ ಒಂದು ಆಧಾರಸ್ವರದಿಂದ ಹೊರಟು, ಸುತ್ತಾಡಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. 1908ರ ಸುಮಾರಿಗೆ ಅವನು ಆ ಆಧಾರಸ್ವರವನ್ನೇ ಕೈಬಿಟ್ಟ. 1920ರ ದಶಕದ ಆರಂಭದಲ್ಲಿ ಹನ್ನೆರಡು ಸ್ವರಸ್ಥಾನಗಳಿಗೂ ಸಮಾನ ಪಟ್ಟ ಕೊಡುವ ಕ್ರಮವನ್ನು ರೂಪಿಸಿದ. ಇದು ದೊಡ್ಡ ಸಾಧನೆ, ಆದರೆ ವಿಯೆನ್ನಾದ ರಸಿಕರಿಗೇ ಅರಗದ್ದು. 1918ರಲ್ಲಿ ಅವನು ಕಟ್ಟಿದ ಖಾಸಗಿ ಸಂಗೀತ ಸಂಘದಲ್ಲಿ ಹೊಸ ಕೃತಿಗಳನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು. ಚಪ್ಪಾಳೆಗೆ ಅವಕಾಶವಿರಲಿಲ್ಲ, ಪತ್ರಿಕಾ ವಿಮರ್ಶಕರಿಗೆ ಪ್ರವೇಶವೂ ಇರಲಿಲ್ಲ. ಷಡ್ಜವನ್ನೇ ನೆಚ್ಚಿಕೊಂಡ ನಮ್ಮ ಕಿವಿಗೆ ಷಡ್ಜವೇ ಇಲ್ಲದ ಸಂಗೀತವನ್ನು ಮೊದಲ ದಿನವೇ ಕೇಳಿಸಿದರೆ ಅದು ಮುಖ ತಿರುಗಿಸುವುದು ಸಹಜ.

ಆದರೆ ಪ್ರಯೋಗದ ಹಾದಿ ಇದೊಂದೇ ಅಲ್ಲ. 1964ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಬಾರಿಗೆ ಪ್ರಸ್ತುತವಾದ ಟೆರ್ರಿ ರೈಲಿಯ ‘ಇನ್ ಸಿ’ಯನ್ನೇ ನೋಡಿ. ಇದರ ಸ್ವರಲಿಪಿ ಒಂದೇ ಹಾಳೆಯಲ್ಲಿ ಮುಗಿಯುತ್ತದೆ: 53 ಪುಟ್ಟ ಸ್ವರಗುಚ್ಛಗಳು, ಅಷ್ಟೇ. ಯಾವ ವಾದ್ಯ, ಎಷ್ಟು ಮಂದಿ ಎಂಬ ಕಟ್ಟಳೆಯಿಲ್ಲ. ಪ್ರತಿಯೊಬ್ಬರೂ ಒಂದೊಂದು ಗುಚ್ಛವನ್ನು ತಮಗೆ ಬೇಕೆನಿಸಿದಷ್ಟು ಸಲ ನುಡಿಸಿ ಮುಂದಿನದಕ್ಕೆ ಹೋಗುತ್ತಾರೆ. ಸಾಮಾನ್ಯವಾಗಿ ಒಬ್ಬರು ಮಾತ್ರ ಮೊದಲಿನಿಂದ ಕೊನೆಯವರೆಗೆ ತಾರಸ್ಥಾಯಿಯ ‘ಸಿ’ ಸ್ವರವನ್ನೇ ಸಮ ಲಯದಲ್ಲಿ ಮೀಟುತ್ತಿರುತ್ತಾರೆ. ಇದರ ಮೇಲೆ ಗುಚ್ಛಗಳು ಒಂದರೊಳಗೊಂದು ಹೆಣೆದುಕೊಂಡು ಬಿಡಿಸಿಕೊಳ್ಳುತ್ತವೆ. ಹೊಸ ಸ್ವರವೊಂದು ನಿಧಾನವಾಗಿ ತಲೆಯೆತ್ತಿದಾಗ ಇಡೀ ಬಣ್ಣವೇ ಬದಲಾಗುತ್ತದೆ. ವಿಲಂಬಿತ ಖ್ಯಾಲಿನಲ್ಲಿ ಗಾಂಧಾರಕ್ಕೋ ನಿಷಾದಕ್ಕೋ ಕಾದು ಕೂತವರಿಗೆ ಈ ಕಾಯುವಿಕೆಯ ಸುಖ ಹೊಸದಲ್ಲ.

ಈ ಹತ್ತಿರಕ್ಕೆ ಇತಿಹಾಸದ ಬೆಂಬಲವೂ ಇದೆ. 1970ರಲ್ಲಿ ರೈಲಿ ಮತ್ತು ಅವನ ಗೆಳೆಯ ಲಾ ಮಾಂಟ್ ಯಂಗ್ ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನ್. ಅದೇ ಘರಾನೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ವಿದ್ಯೆ ಹರಿದು ಬಂದದ್ದು ಕನ್ನಡಿಗರಿಗೆಲ್ಲ ಗೊತ್ತು. ರೈಲಿಯಂತೆಯೇ ಈ ಹೊಸ ಧಾರೆಯ ಸಂಯೋಜಕನಾದ ಫಿಲಿಪ್ ಗ್ಲಾಸ್ 1960ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರವಿಶಂಕರ್ ಮತ್ತು ಅಲ್ಲಾರಖಾ ಅವರೊಡನೆ ಕೆಲಸ ಮಾಡುತ್ತ, ಪುಟ್ಟ ಲಯಘಟಕಗಳನ್ನು ಕೂಡಿಸುತ್ತಾ ದೊಡ್ಡ ಆವರ್ತ ಕಟ್ಟುವ ಬಗೆಯನ್ನು ಕಂಡುಕೊಂಡ. 1980ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ರಂಗವೇರಿದ ಅವನ ‘ಸತ್ಯಾಗ್ರಹ’ ಆಪೆರಾ ದಕ್ಷಿಣ ಆಫ್ರಿಕಾದ ಗಾಂಧಿಯ ಕಥೆ. ಅದರಲ್ಲಿ ಹಾಡುವುದು ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳನ್ನು. ಹಾಗೆಂದು ಎಲ್ಲವೂ ನಮ್ಮಿಂದಲೇ ಹೋಯಿತೆಂದು ಬೀಗುವುದು ಸುಳ್ಳಾದೀತು. ‘ಇನ್ ಸಿ’ ಹುಟ್ಟಿದ್ದು ರೈಲಿ ಶಿಷ್ಯನಾಗುವ ಆರು ವರ್ಷ ಮುಂಚೆ. ಈ ಧಾರೆಗೆ ಜಾಝ್, ಟೇಪ್ ರೆಕಾರ್ಡರ್, ಆಫ್ರಿಕಾದ ವಾದನ ಎಲ್ಲವೂ ನೀರೆರೆದಿವೆ. ಈ ನಂಟಿನಿಂದ ನಮಗೆ ಸಿಗುವುದು ಒಡೆತನವಲ್ಲ, ಕೇಳಲು ಒಂದು ದಾರಿ.

ಇಷ್ಟು ಹೇಳಿದರೂ ಆಕ್ಷೇಪಗಳು ಉಳಿಯುತ್ತವೆ. ಹೇಳಿದ್ದನ್ನೇ ಹೇಳುವುದು ಯಾರಿಂದಲೂ ಆಗುತ್ತದೆ, ಇದರಲ್ಲಿ ವಿದ್ವತ್ತೆಲ್ಲಿ ಎಂಬುದು ಮೊದಲನೆಯದು. ‘ಇನ್ ಸಿ’ ನುಡಿಸುವವರಿಗೆ ರೈಲಿ ಕೊಟ್ಟ ಸೂಚನೆಯಲ್ಲೇ ಇದಕ್ಕೆ ಉತ್ತರವಿದೆ: ಯಾರೂ ಉಳಿದವರಿಗಿಂತ ಎರಡು ಮೂರು ಗುಚ್ಛಗಳಿಗಿಂತ ಹೆಚ್ಚು ಮುಂದೆ ಓಡಬಾರದು, ಹಿಂದೆ ಉಳಿಯಲೂಬಾರದು. ಹಾಗಾಗಿ ಪಕ್ಕದವರು ಏನು ನುಡಿಸುತ್ತಿದ್ದಾರೆಂದು ಪ್ರತಿಕ್ಷಣ ಕಿವಿಗೊಡಬೇಕು, ಬೇಕಾದಾಗ ತಗ್ಗಬೇಕು, ಕೆಲವೊಮ್ಮೆ ಸುಮ್ಮನಿರಬೇಕು. ಬೆರಳ ಚುರುಕಿಗಿಂತ ಇದು ಕಷ್ಟದ ವಿದ್ಯೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಡೇವಿಡ್ ಟ್ಯೂಡರ್ ಪಿಯಾನೊ ಮುಂದೆ ನಾಲ್ಕು ನಿಮಿಷ ಮೂವತ್ಮೂರು ಸೆಕೆಂಡು ಏನನ್ನೂ ನುಡಿಸದೆ ಕೂತ. ಕೃತಿ ಜಾನ್ ಕೇಜ್‌ನದು. ಇದೂ ಸಂಗೀತವೇ? ಕೇಜ್ ಇದನ್ನು ತಮಾಷೆಗೆ ಮಾಡಿದವನಲ್ಲ. ಅದಕ್ಕೆ ಕೆಲವು ವರ್ಷ ಮೊದಲು ಅವನು ಗೀತಾ ಸಾರಾಭಾಯಿಯವರಿಂದ ಭಾರತೀಯ ಸಂಗೀತ ಕಲಿಯುತ್ತಿದ್ದ. ಮನಸ್ಸನ್ನು ಶಾಂತಗೊಳಿಸುವುದೇ ಸಂಗೀತದ ಉದ್ದೇಶವೆಂಬ ಅವರ ಮಾತನ್ನು ತನ್ನ ಕೆಲಸಕ್ಕೆ ಬುನಾದಿ ಮಾಡಿಕೊಂಡ. ಸಭಾಂಗಣದ ಗಾಳಿ, ಮಳೆಹನಿ, ಜನರ ಗುಸುಗುಸು ಕೂಡ ಕೇಳಲು ತಕ್ಕದ್ದೆಂದು ತೋರಿಸುವುದು ಅವನ ಉದ್ದೇಶ. ನನ್ನ ಮಟ್ಟಿಗೆ ಇದು ಮತ್ತೆ ಮತ್ತೆ ಕೇಳುವ ಕೃತಿಯಲ್ಲ, ಒಮ್ಮೆ ಅರಿತರೆ ಸಾಕಾಗುವ ವಿಚಾರ. ಪ್ರಯೋಗಗಳಲ್ಲಿ ಸೋತವೂ ಇವೆ, ಬರೀ ವಾದವಾಗಿ ಉಳಿದವೂ ಇವೆ. ಆದರೆ ಯಾವುದು ಸೋತಿತು ಎಂದು ಹೇಳುವ ಹಕ್ಕು ಕೇಳಿದವರಿಗೆ ಮಾತ್ರ ಇದೆ; ಕೇಳದೆಯೇ ಎಲ್ಲವನ್ನೂ ತಳ್ಳಿಹಾಕುವುದು ವಿಮರ್ಶೆಯಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಶೋನ್‌ಬರ್ಗ್‌ನಿಂದ ಆರಂಭಿಸಬೇಡಿ. ‘ಇನ್ ಸಿ’ಯನ್ನು ಕೇಳಿ, ಆಮೇಲೆ ‘ಸತ್ಯಾಗ್ರಹ’ದ ಕೊನೆಯ ಅಂಕವನ್ನು, ಇದೇ ಧಾರೆಯ ಸ್ಟೀವ್ ರೈಶ್‌ನ 1976ರ ‘ಮ್ಯೂಸಿಕ್ ಫಾರ್ 18 ಮ್ಯುಸಿಷಿಯನ್ಸ್’ ಅನ್ನು ಕೇಳಿ. ಬೇರೆ ಕೆಲಸ ಮಾಡುತ್ತಾ ಅಲ್ಲ, ಕಚೇರಿಯಲ್ಲಿ ಕೂತಂತೆ ಕೂತು, ಒಂದೊಂದನ್ನೂ ಎರಡು ಸಲ ಕೇಳಿ. ಶೋನ್‌ಬರ್ಗ್‌ನ ಕಡೆಗೆ ಹೋಗುವುದು ಆಮೇಲೆ ಕಷ್ಟವಾಗದು.