ಊರಿನವರ ಮಾತು ಕೇಳುವ ಬಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಘಟ್ಟದ ಬುಡದ ಊರುಗಳಲ್ಲಿ ಗೃಹಿಣಿಯರಾಗಿರುವರು. ಕೆಲವರು ಪಂಚಾಯತಿನಲ್ಲಿಯೂ ಕುಳಿತಿರಬಹುದು. ಅವರನ್ನು ಉದ್ದೇಶಿಸಿಯೇ ಈ ನಾಲ್ಕು ಮಾತು.

ಪಶ್ಚಿಮಘಟ್ಟದ 56,825 ಚದರ ಕಿಲೋಮೀಟರು ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಸಾರುವ ಕರಡನ್ನು ಕೇಂದ್ರ ಸರಕಾರವು 2014ರ ಮಾರ್ಚಿಯಲ್ಲಿ ಮೊದಲು ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668. ಆರು ರಾಜ್ಯಗಳಲ್ಲಿ ಅತಿ ದೊಡ್ಡದು. ಅದೇ ಕರಡು ಪುನಃ ಪುನಃ ಹೊರಟು, 2024ರ ಜುಲೈ 31ರಂದು ಮತ್ತೊಮ್ಮೆ ಬಂದಿತು. ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಅದನ್ನು ಬೇಡವೆಂದಿತು.

ಕರಡಿನ ಪ್ರಕಾರ ಗಣಿ, ಕಲ್ಲುಕೋರೆ, ಮರಳು ತೆಗೆಯುವದು ಇವೆಲ್ಲಕ್ಕೂ ಪೂರ್ಣ ನಿಷೇಧ. ಮುರಕಲ್ಲಿನ ಗೋಡೆಯ ಮನೆ ಕಟ್ಟಬೇಕೆಂದಿರುವ ಬಡವನಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಕಾಡು ಬೋಳಾದರೆ ಬಾವಿ ಬತ್ತುವದೂ ಸಣ್ಣ ಸಂಗತಿಯಲ್ಲ. ಚೈತ್ರದಲ್ಲಿ ಕೊಡ ಹಿಡಿದು ನಡೆದ ಹೆಂಗಸರು ಇದನ್ನು ಬಲ್ಲರು.

ಇಂಥ ವಿಷಯದಲ್ಲಿ ಜನರನ್ನು ಕೇಳುವ ಕ್ರಮವೇನು? ಒಂದು ದೊಡ್ಡ ಕಾರ್ಖಾನೆ ಬರುವದಾದರೆ, 2006ರ ಸೆಪ್ಟೆಂಬರು 14ರ ನಿಯಮದಂತೆ ಮೂವತ್ತು ದಿವಸ ಮುಂಚಿತವಾಗಿ ಪತ್ರಿಕೆಯಲ್ಲಿ ತಿಳಿಸಿ, ಆ ಸ್ಥಳದ ಸಮೀಪದಲ್ಲಿಯೇ ಜಿಲ್ಲಾಧಿಕಾರಿಯ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಸಭೆ ಕರೆಯಬೇಕು. ವರದಿಯ ಸಾರಾಂಶವು ಊರಿನ ಭಾಷೆಯಲ್ಲಿರಬೇಕು. ಆಡಿದ ಮಾತುಗಳ ಸಾರವನ್ನು ಕಡೆಗೆ ಸಭೆಗೆ ಓದಿ ಹೇಳಬೇಕು. ನೂರಾರು ಗ್ರಾಮಗಳನ್ನು ಒಳಗೊಳ್ಳುವ ಘಟ್ಟದ ಕರಡಿಗಾದರೋ ಇಂಥ ಸಭೆಯ ಕಡ್ಡಾಯವಿಲ್ಲ. ಆಕ್ಷೇಪಣೆಯಿದ್ದವರು ಅರುವತ್ತು ದಿವಸದೊಳಗೆ ದಿಲ್ಲಿಗೆ ಬರೆಯತಕ್ಕದ್ದು! ಇದು ತಲೆಕೆಳಗಾದ ನ್ಯಾಯವೆಂದು ನನ್ನ ಅಭಿಪ್ರಾಯ. ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿಯೇ ಗ್ರಾಮಸಭೆಗಳ ಮುಂದೆ ವಿಚಾರವನ್ನಿಡಬೇಕೆಂದು ಹೇಳಿತ್ತು.

ಭಾಷೆಯ ತೊಡಕೂ ಇದೆ. 2020ರಲ್ಲಿ ಮೇಲಿನ ನಿಯಮಕ್ಕೆ ಬದಲಾಗಿ ಹೊಸ ಕರಡು ಹೊರಟಾಗ, ಅದನ್ನು 22 ಭಾಷೆಗಳಿಗೆ ತರಬೇಕೆಂದು ಆಜ್ಞಾಪಿಸುವದಕ್ಕೆ ದಿಲ್ಲಿಯ ಉಚ್ಚ ನ್ಯಾಯಾಲಯವೇ ಬೇಕಾಯಿತು.

ಕರಾವಳಿಯ ನಮಗೇನು ಎಂದು ಬ್ರಹ್ಮಾವರ, ಕುಂದಾಪುರದ ಪೇಟೆಯವರು ಸುಮ್ಮನಿರಲಾಗದು. ಸೀತಾ, ವಾರಾಹಿ, ಚಕ್ರಾ, ಸೌಪರ್ಣಿಕಾ ಇವೆಲ್ಲವೂ ಘಟ್ಟದಿಂದಲೇ ಇಳಿದು ಬರುವವು. ಆದಕಾರಣ ಕೆಳಗಿನವರನ್ನೂ ಕೇಳಬೇಕು.

ರಾಜ್ಯದ ಪಂಚಾಯತಿಗಳಲ್ಲಿ 2010ರಿಂದ ಅರ್ಧ ಸ್ಥಾನಗಳು ಸ್ತ್ರೀಯರಿಗೆ ಮೀಸಲು. ಬೇಕು ಬೇಡವೆಂದು ವೇದಿಕೆಯ ಮೇಲೆ ಕೂಗುವವರು ಬಹುಮಂದಿ. ಕರಡನ್ನು ಓದಿದವರು ಕೊಂಚವೇ. ಓದು ಕಲಿತ ಸಹೋದರಿಯರು ಮುಂದಿನ ಗ್ರಾಮಸಭೆಗೆ ಅದನ್ನು ಕೊಂಡುಹೋಗಿ, ತಮ್ಮ ಗ್ರಾಮದ ಹೆಸರು ಅದರಲ್ಲಿದೆಯೋ ಎಂದು ನೋಡಿ, ಓದಬಾರದವರಿಗೆ ಗಟ್ಟಿಯಾಗಿ ಓದಿ ಹೇಳಲಿ. ಬಳಿಕ ಒಪ್ಪಿದ್ದನ್ನೂ ಒಪ್ಪದ್ದನ್ನೂ ಕಾರಣ ಸಹಿತವಾಗಿ ನಡವಳಿ ಪುಸ್ತಕದಲ್ಲಿ ಬರೆಯಿಸಿ, ಅದರ ನಕಲನ್ನು ಕೇಳಿ ಪಡೆದುಕೊಳ್ಳಲಿ.